ಬಿಸಿಲು ಬೇರೆ, ಸೆಕೆ ಬೇರೆ

"34 ತಾನೆ? ಅಷ್ಟಕ್ಕೇ ಹೀಗಾ?"

ಇವತ್ತು ಮಧ್ಯಾಹ್ನ ಎರಡೂವರೆಗೆ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿ ಗೇಟಿನ ಹತ್ತಿರ ಈ ಮಾತು ಕೇಳಿದೆ. ಈಗ ರಾತ್ರಿ ಹತ್ತೂವರೆ. ಸಿಟ್ಟು ಇನ್ನೂ ಇಳಿದಿಲ್ಲ. ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ವಾಚ್‌ಮನ್ ಕಾಕಾ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಯಾದಗಿರಿ ಕಡೆಯವರು. ನಾನು ಕಲಬುರಗಿಯವಳು ಅಂತ ತಿಳಿದ ದಿನದಿಂದ ನನ್ನ ಹತ್ತಿರ ಕನ್ನಡದಲ್ಲೇ ಮಾತು. ಮುಂಬೈ ಪಕ್ಕದ ಈ ಡೊಂಬಿವಲಿಯಲ್ಲಿ ಊರಿನ ಮಾತು ಕಿವಿಗೆ ಬೀಳುವುದು ದಿನಕ್ಕೆ ಎರಡೇ ಸಲ. ಶಾಲೆಗೆ ಹೋಗುವಾಗ ಒಂದು, ಬರುವಾಗ ಒಂದು. ಇವತ್ತು ರಿಕ್ಷಾ ಇಳಿದು ಒಳಗೆ ಬರುತ್ತಿದ್ದೆ. ಒಂದು ಕಾರು ಹಾರ್ನ್ ಹೊಡೆಯಿತು. ಕಾಕಾ ಕ್ಯಾಬಿನ್ನಿಂದ ಎದ್ದು ಬಂದು ಗೇಟಿನ ಸರಳು ಹಿಡಿದರು. ಹಿಡಿದವರು ಎಳೆಯಲಿಲ್ಲ. ಸರಳು ಹಿಡಿದುಕೊಂಡೇ ಮೆಲ್ಲಗೆ ಜಾರಿ ಕೆಳಗೆ ಕೂತುಬಿಟ್ಟರು.

ಇಬ್ಬರು ಹುಡುಗರೂ ನಾನೂ ಸೇರಿ ಅವರನ್ನು ಲಿಫ್ಟ್ ಮುಂದಿನ ಫ್ಯಾನ್ ಕೆಳಗೆ ತಂದು ಮಲಗಿಸಿದೆವು. ನೀಲಿ ಪಾಲಿಯೆಸ್ಟರ್ ಶರ್ಟು ಬಕೆಟ್‌ನಿಂದ ಎತ್ತಿದ ಹಾಗಿತ್ತು. ಬೂಟು ಬಿಚ್ಚಿದೆ. ಸಾಕ್ಸ್ ಹಿಂಡಿದರೆ ನೀರು ಬರುತ್ತಿತ್ತು. ಕಾಲಿನ ಬೆರಳು ಬಟ್ಟೆ ಒಗೆದವರ ಕೈಯಂತೆ ಬಿಳುಚಿಕೊಂಡು ಸುಕ್ಕಾಗಿದ್ದವು. ಮೀನಖಂಡ ಕಲ್ಲಿನಂತೆ ಗಟ್ಟಿ. ಮುಟ್ಟಿದರೆ ಹಲ್ಲು ಕಚ್ಚಿ ನರಳುತ್ತಿದ್ದರು.

"ಕಾಕಾ, ಇವತ್ತು ಯಾ ವಾರ?" ಅಂತ ಕೇಳಿದೆ.

"ಗುರುವಾರ್ರಿ ಅಕ್ಕೋರ. ನಂಗೇನೂ ಆಗಿಲ್ಲರಿ. ಜರಾ ಚಕ್ಕರ್ ಬಂತು."

ಅಷ್ಟು ಕೇಳಿ ನನಗೆ ಜೀವ ಬಂತು. ಸೆಕೆಗೆ ಬಿದ್ದವರನ್ನು ನೋಡುವಾಗ ಮೊದಲು ಮಾತಾಡಿಸಿ. ಮಾತು ತಡವರಿಸಿದರೆ, ಏನೋ ಏನೋ ಹೇಳಿದರೆ, ವಾರ, ಹೆಸರು ಮರೆತರೆ, ಅದು ಬರೀ ಸುಸ್ತಲ್ಲ. ತಕ್ಷಣ 108ಕ್ಕೆ ಫೋನ್ ಮಾಡಬೇಕು. ಬೆವರುತ್ತಾ ಇದ್ದಾರಲ್ಲ, ಏನಾಗಲ್ಲ ಅಂದುಕೊಳ್ಳಬೇಡಿ. ಕಾಕಾ ಸರಿಯಾಗಿ ಮಾತಾಡಿದರು. ದುಪಟ್ಟಾ ಒದ್ದೆ ಮಾಡಿ ಕುತ್ತಿಗೆ, ಕಂಕುಳು, ಎದೆ ಒರೆಸಿದೆ. ಒಬ್ಬ ಹುಡುಗ ಪುಸ್ತಕದ ರಟ್ಟಿನಿಂದ ಗಾಳಿ ಹಾಕಿದ. ಮೇಲಿಂದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ತರಿಸಿ, ಗುಟುಕು ಗುಟುಕಾಗಿ ಕುಡಿಸಿದೆ.

ಆಗಲೇ ಕಾರಿನವರು ಇಳಿದು ಬಂದರು. ಕೈಯಲ್ಲಿ ಫೋನು. ಫೋನಿನಲ್ಲಿ ಹವಾಮಾನ. "34 ತಾನೆ? ಅಷ್ಟಕ್ಕೇ ಹೀಗಾ? ಇವರ ಊರಲ್ಲಿ 44 ಇರುತ್ತಲ್ಲ. ನಾಟಕ ಅಷ್ಟೇ."

ನಾಟಕವಂತೆ. ಹಿಂಡಿದರೆ ನೀರು ಬರುವ ಸಾಕ್ಸ್ ನನ್ನ ಕೈಯಲ್ಲೇ ಇತ್ತು.

ಈ 34ರ ಮಾತು ನನಗೆ ಹೊಸದಲ್ಲ. ಊರಿನ ನಮ್ಮ ಕುಟುಂಬದ ಗ್ರೂಪಿನಲ್ಲಿ ಏಪ್ರಿಲ್ ಬಂದರೆ ಸಾಕು, ದಿನಾ ಸ್ಕ್ರೀನ್‌ಶಾಟ್. 42, 43. ಕೆಳಗೆ ನನಗೊಂದು ಪ್ರಶ್ನೆ, "ನಿಮ್ಮ ಮುಂಬೈ ಎಷ್ಟು? 34? ಎಂಥಾ ಆರಾಮ!" ಯಾರಿಗೂ ಕೆಟ್ಟ ಮನಸ್ಸಿಲ್ಲ, ಗೊತ್ತು. ಆದರೆ ಆ ಒಂದು ಅಂಕಿ ಹಿಡಿದುಕೊಂಡು ಎಷ್ಟು ಜನರ ಕಷ್ಟವನ್ನು ತಳ್ಳಿಹಾಕುತ್ತೇವೆ, ಯೋಚನೆ ಮಾಡಿ.

ನಮ್ಮ ಭಾಷೆಗೆ ಈ ವ್ಯತ್ಯಾಸ ಮೊದಲಿನಿಂದ ಗೊತ್ತು. ಬಿಸಿಲು ಅಂತೀವಿ, ಝಳ ಅಂತೀವಿ, ಧಗೆ ಅಂತೀವಿ, ಸೆಕೆ ಅಂತೀವಿ. ಮಂಗಳೂರು, ಉಡುಪಿಯವರು "ಸೆಕೆ" ಅನ್ನುವಾಗ ನೆರಳಲ್ಲೇ ಕೂತಿರುತ್ತಾರೆ. ಮರಾಠಿಯವರೂ ಊನ್ ಬೇರೆ, ಉಕಾಡಾ ಬೇರೆ ಅನ್ನುತ್ತಾರೆ. ಬಿಸಿಲಿಗೆ ಕೊಡೆ ಹಿಡಿಯಬಹುದು. ಸೆಕೆಗೆ ಏನು ಹಿಡಿಯುತ್ತೀರಿ?

ಮದುವೆಯಾಗಿ ಇಲ್ಲಿಗೆ ಬಂದಾಗ ಊರಿನಿಂದ ಒಂದು ಮಣ್ಣಿನ ಗಡಿಗೆ ತಂದಿದ್ದೆ. ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು. ಊರಲ್ಲಿ ಅದರ ನೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಇಲ್ಲಿ ಅದೇ ಗಡಿಗೆ, ಅದೇ ಮೂಲೆ, ಕೆಳಗೆ ಅದೇ ಮರಳು. ನೀರು ತಣ್ಣಗಾಗಲೇ ಇಲ್ಲ. ಗಡಿಗೆಯ ಹೊರಮೈ ಮಾತ್ರ ಸದಾ ಒದ್ದೆ, ಕೆಳಗಿನ ಮರಳು ರಾಡಿ. ವಿಜ್ಞಾನ ಓದಿದವಳಾಗಿಯೂ ಗಡಿಗೆ ಕೆಟ್ಟಿತು ಅಂದುಕೊಂಡಿದ್ದೆ. ಕೆಟ್ಟಿರಲಿಲ್ಲ. ಗಡಿಗೆ ಸಣ್ಣ ಸಣ್ಣ ತೂತುಗಳಿಂದ ನೀರು ಹೊರಗೆ ಬಿಡುತ್ತದೆ, ಆ ನೀರು ಆರುವಾಗ ಕಾವು ಎಳೆದುಕೊಂಡು ಹೋಗುತ್ತದೆ. ಇಲ್ಲಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿದೆ. ಇನ್ನಷ್ಟು ನೀರಿಗೆ ಜಾಗ ಎಲ್ಲಿ?

ನಮ್ಮ ಮೈಯೂ ಅದೇ ಗಡಿಗೆ. ಬೆವರುವುದರಿಂದ ತಂಪಾಗುವುದಿಲ್ಲ, ಬೆವರು ಆರಿದರೆ ತಂಪು. ಕಲಬುರಗಿಯಲ್ಲಿ ಬೆವರಿದ್ದೇ ಗೊತ್ತಾಗುವುದಿಲ್ಲ, ಬಂದ ಕೂಡಲೇ ಆರುತ್ತದೆ, ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಉಳಿಯುತ್ತದೆ. ಇಲ್ಲಿ ಬೆವರು ಹನಿ ಹನಿಯಾಗಿ ಕೆಳಗೆ ಬೀಳುತ್ತದೆ. ನೀರೂ ಹೋಯಿತು, ಉಪ್ಪೂ ಹೋಯಿತು, ತಂಪು ಮಾತ್ರ ಸಿಗಲಿಲ್ಲ.

ಪುಣೆಯ ತಂಗಿ ಒಂದು ವರ್ಷ ತನ್ನ ಕೂಲರ್ ಕೊಟ್ಟು ಕಳಿಸಿದಳು. ಪುಣೆಯಲ್ಲಿ ಹಗಲು 40 ಮುಟ್ಟಿದರೂ ಗಾಳಿ ಒಣ. ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಏಪ್ರಿಲ್ ರಾತ್ರಿ ಅವರಿಗೆ ಹೊದಿಕೆಯೂ ಬೇಕು. ಇಲ್ಲಿ ಹಾಕಿದ ಎರಡನೇ ರಾತ್ರಿಗೆ ಹಾಸಿಗೆ ಅಂಟಂಟು, ಮೂರನೇ ವಾರಕ್ಕೆ ಗೋಡೆಯಲ್ಲಿ ಬೂಸ್ಟು. ಮೊದಲೇ ನೀರು ತುಂಬಿದ ಗಾಳಿಗೆ ನಾವೇ ಇನ್ನಷ್ಟು ನೀರು ಸುರಿಯುತ್ತಿದ್ದೆವು.

ಈಗ ಅಂಕಿಗೆ ಬರೋಣ, ಅಂಕಿಯೇ ಬೇಕು ಅನ್ನುವವರಿಗಾಗಿ. ಒಂದು ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಆಡಿಸಿದರೆ, ಬೆವರಿದ ಮೈ ಎಷ್ಟು ತಂಪಾಗಬಹುದು ಅಂತ ಅದು ತೋರಿಸುತ್ತದೆ. ಕಲಬುರಗಿಯಲ್ಲಿ 42 ಡಿಗ್ರಿ, ತೇವಾಂಶ ಶೇ 20 ಇದ್ದಾಗ ಆ ಒದ್ದೆ ಬಟ್ಟೆ ಸುಮಾರು 24ಕ್ಕೆ ಇಳಿಯುತ್ತದೆ. ಇಲ್ಲಿ 34 ಡಿಗ್ರಿ, ತೇವಾಂಶ ಶೇ 65 ಇದ್ದಾಗ ಇಳಿಯುವುದು ಸುಮಾರು 28ಕ್ಕೆ. ಅಂದರೆ "ಬರೀ 34" ಇರುವ ಊರಲ್ಲಿ ಬೆವರಿದ ಮೈಗೆ ನಾಲ್ಕು ಡಿಗ್ರಿ ಜಾಸ್ತಿ ಕಷ್ಟ. ಈ ಒದ್ದೆ ಲೆಕ್ಕ 35 ಆದರೆ ಮನುಷ್ಯ ನೆರಳಲ್ಲಿ ಸುಮ್ಮನೆ ಕೂತರೂ ಕೆಲವು ಗಂಟೆಗಿಂತ ಹೆಚ್ಚು ತಡೆಯಲಾರ ಅಂತ 2010ರಲ್ಲಿ ವಿಜ್ಞಾನಿಗಳು ಹೇಳಿದ್ದರು. ಆಮೇಲೆ ಗಟ್ಟಿಮುಟ್ಟಾದ ಹುಡುಗ ಹುಡುಗಿಯರನ್ನೇ ಪರೀಕ್ಷೆ ಮಾಡಿ ನೋಡಿದಾಗ 31ರ ಹತ್ತಿರವೇ ಮೈ ಸೋಲಲು ಶುರುವಾಯಿತು.

ಸಂಜೆ ಶಾಲೆಯ ಎರಡು ಥರ್ಮಾಮೀಟರ್ ಒಯ್ದು ಕಾಕಾ ಅವರ ಕ್ಯಾಬಿನ್ನಿನಲ್ಲಿ ನೇತುಹಾಕಿದೆ. ನಾಲ್ಕೂವರೆ ಗಂಟೆಗೆ ಒಣದ್ದು 37. ಒದ್ದೆಯದ್ದು 29. ತಗಡಿನ ಸೂರು. ನಾಲ್ಕಡಿಗೆ ನಾಲ್ಕಡಿ. ತಲೆ ಮೇಲೆ ಮೂರು ಮನೆಗಳ ಎಸಿಯ ಬಿಸಿ ಗಾಳಿ. ಕಾರಿನವರ ಫೋನಿನ 34 ಆ ಕ್ಯಾಬಿನ್ನಿನದ್ದಲ್ಲ.

ನಮ್ಮ ಹವಾಮಾನ ಇಲಾಖೆಯೂ ಎಲ್ಲ ಊರಿಗೆ ಒಂದೇ ಅಳತೆ ಹಿಡಿಯುವುದಿಲ್ಲ. ಬಯಲು ಸೀಮೆಯಲ್ಲಿ ಬಿಸಿಗಾಳಿ ಅಂತ ಸಾರಲು ಕನಿಷ್ಠ 40 ಆಗಬೇಕು. ಕರಾವಳಿಯಲ್ಲಿ 37 ಸಾಕು, ಮಾಮೂಲಿಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಇರಬೇಕು ಅಷ್ಟೇ. 2023ರ ಏಪ್ರಿಲ್ 16 ನೆನಪಿದೆಯಾ? ಇಲ್ಲೇ ನವಿ ಮುಂಬೈಯ ಖಾರ್‌ಘರ್ ಮೈದಾನದಲ್ಲಿ, ಒಂದು ಪ್ರಶಸ್ತಿ ಸಮಾರಂಭಕ್ಕೆ ಲಕ್ಷಾಂತರ ಜನ ಬಯಲಲ್ಲಿ ಕೂತಿದ್ದ ದಿನ. ತಾಪ 38ರ ಹತ್ತಿರ. ಹತ್ತಕ್ಕೂ ಜಾಸ್ತಿ ಜನ ಸತ್ತರು. 38 ಅಂದರೆ ಕಲಬುರಗಿಯಲ್ಲಿ ಮಾರ್ಚ್ ತಿಂಗಳ ಸಾಮಾನ್ಯ ಮಧ್ಯಾಹ್ನ.

ಒಣ ಬಿಸಿಲು ಸುಲಭ ಅಂತ ನಾನು ಹೇಳುತ್ತಿಲ್ಲ. ಹೊಲದಲ್ಲಿ ಬಿದ್ದವರನ್ನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಆದರೆ ನಮ್ಮೂರು ಬಿಸಿಲಿಗೆ ತಲೆಬಾಗುತ್ತದೆ. ಏಪ್ರಿಲ್, ಮೇ ಎರಡು ತಿಂಗಳು ಕಲಬುರಗಿ ವಿಭಾಗದಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರ ವರೆಗೆ ಮಾತ್ರ. ಮಧ್ಯಾಹ್ನ ಬಜಾರಿನಲ್ಲಿ ನಾಯಿಯೂ ಕಾಣುವುದಿಲ್ಲ. ದಪ್ಪ ಗೋಡೆಯ ಮನೆಯಲ್ಲಿ ಕತ್ತಲು ಮಾಡಿಕೊಂಡು, ಮಜ್ಜಿಗೆ, ಅಂಬಲಿ ಕುಡಿದು ಒರಗುತ್ತಾರೆ. ರಾತ್ರಿ ಮಾಳಿಗೆ ಮೇಲೆ ಹಾಸಿಗೆ. ಗೋವಾ ನೋಡಿ. ಅದೇ ಸಮುದ್ರ, ಅದೇ ಸೆಕೆ. ಅಲ್ಲಿ ಇವತ್ತಿಗೂ ಎಷ್ಟೋ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ. ಯಾರೂ ಅವರಿಗೆ ಸೋಮಾರಿ ಅನ್ನಬೇಡಿ.

ಮುಂಬೈಯಲ್ಲಿ ಮಧ್ಯಾಹ್ನ ಅನ್ನುವುದೇ ಇಲ್ಲ. ಎರಡೂವರೆಗೆ ಪಾರ್ಸೆಲ್ ಹುಡುಗ ಐದು ಮಹಡಿ ಹತ್ತುತ್ತಾನೆ. ನಮ್ಮ ಉಡುಪಿ ಹೋಟೆಲುಗಳ ಒಳಗೆ ಒಬ್ಬ ಕುಂದಾಪುರದ ಹುಡುಗ ಕಾದ ಕಾವಲಿ ಮುಂದೆ ನಿಂತು ದೋಸೆ ಹುಯ್ಯುತ್ತಿರುತ್ತಾನೆ. ಹೊರಗೆ ಎಸಿ ಹಾಲಿನಲ್ಲಿ ಕೂತು ನಾವು ತಿನ್ನುತ್ತೇವೆ.

"ಹಿಂದಿನವರು ಎಸಿ ಇಲ್ಲದೆ ಬದುಕಲಿಲ್ವಾ?" ಅಂತ ಗೇಟಿನ ಹತ್ತಿರವೇ ಇನ್ನೊಬ್ಬರು ಕೇಳಿದರು. ಬದುಕಿದರು. ಅತ್ತೆ ಹುಟ್ಟಿದ್ದು ಹಳೇ ಮುಂಬೈಯ ಗಿರಗಾಂವ್‌ನ ಚಾಳಿನಲ್ಲಿ, ಅಂದರೆ ವಠಾರದಲ್ಲಿ. ಎತ್ತರದ ಸೂರು, ಉದ್ದದ ಗ್ಯಾಲರಿ, ಹಗಲೆಲ್ಲ ತೆರೆದ ಬಾಗಿಲು. ಸಮುದ್ರದ ಗಾಳಿ ಈ ಕಡೆಯಿಂದ ಬಂದು ಆ ಕಡೆ ಹೋಗುತ್ತಿತ್ತು. ನಮ್ಮ ಈಗಿನ ಮನೆಯಲ್ಲಿ ಕಿಟಕಿಯ ಗಾಜು ಅರ್ಧ ಮಾತ್ರ ಸರಿಯುತ್ತದೆ. ಎದುರು ಕಟ್ಟಡ ಕೈಗೆ ಸಿಗುವಷ್ಟು ಹತ್ತಿರ. ಹಾಗಿದ್ದಾಗ ಹಿಂದಿನವರ ಮಾತು ತೆಗೆಯುವುದು ಸರಿಯಲ್ಲ.

ಇಷ್ಟು ಸಿಟ್ಟು ಯಾಕೆ ಅಂತ ಕೇಳಿದರೆ, ಒಂದು ಮಾತು ಹೇಳಬೇಕು. ಇಷ್ಟು ವರ್ಷ ಯಾರ ಹತ್ತಿರವೂ ಹೇಳಿಲ್ಲ.

"34 ತಾನೆ" ಅನ್ನುವ ಮಾತನ್ನು ಈ ಮನೆಯಲ್ಲಿ ಮೊದಲು ಆಡಿದವಳು ನಾನು.

ನಾನು ಮದುವೆಯಾಗಿ ಬಂದ ವರ್ಷದ ಮೇ ತಿಂಗಳು. ಅತ್ತೆ ಬೆಳಿಗ್ಗೆ ಐದಕ್ಕೆ ಎದ್ದು ಚಪಾತಿ ಬೇಯಿಸುತ್ತಿದ್ದರು. ಅಡುಗೆಮನೆಯಲ್ಲಿ ಫ್ಯಾನ್ ಇರಲಿಲ್ಲ, ಹಾಕಿದರೆ ಗ್ಯಾಸ್ ಉರಿ ಆರುತ್ತದೆ. ಅವರ ಬೆನ್ನು ತುಂಬಾ ಬೆವರುಸಾಲೆ. ಕುಪ್ಪಸದ ಅಂಚು ತಾಗಿದಲ್ಲೆಲ್ಲ ಕೆಂಪು. ಸಂಜೆ ಸುಸ್ತು ಅಂತ ನೆಲದ ಮೇಲೆ ಕಾಲು ಚಾಚಿ ಮಲಗಿದರೆ ನಾನು ಅಂದಿದ್ದೆ, "ಅತ್ತಿ, ನಮ್ಮೂರಾಗ 43 ಇರ್ತದ, ಯಾರೂ ಹಿಂಗ ಮಲಗಂಗಿಲ್ಲ." ಅವರು ಏನೂ ಅನ್ನಲಿಲ್ಲ. ಎದ್ದು ಒಳಗೆ ಹೋಗಿ ಅಕ್ಕಿ ಆರಿಸಲು ಕೂತರು. ಮರುದಿನ ಬೆಳಿಗ್ಗೆ ಒಲೆಯ ಮುಂದೆ ಬಿದ್ದರು. ಲಟ್ಟಣಿಗೆ ಉರುಳುತ್ತಾ ಬಾಗಿಲ ತನಕ ಬಂದಿತ್ತು. ಆ ಸದ್ದಿಗೇ ನನಗೆ ಎಚ್ಚರವಾದದ್ದು. ಅವರು ಚೇತರಿಸಿಕೊಂಡರು. ಹತ್ತು ವರ್ಷ ಜೊತೆಗಿದ್ದರು. ನಾನು ಆಡಿದ ಮಾತನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ಕ್ಷಮಿಸಿ ಅಂತ ನಾನೂ ಕೇಳಲಿಲ್ಲ.

ಇವತ್ತು ಕಾಕಾ ಅವರ ಬೂಟು ಬಿಚ್ಚುವಾಗ ಕಿವಿಯಲ್ಲಿ ಲಟ್ಟಣಿಗೆಯ ಸದ್ದೇ ಇತ್ತು.

ಕಾರಿನವರು ಹೋದ ಮೇಲೆ ಕಾಕಾ ಎದ್ದು ಗೋಡೆಗೆ ಒರಗಿ ಕೂತರು. "ಅಕ್ಕೋರ, ಅವರು ಅಂದಿದ್ದು ಖರೇ ಅದ. ಊರಾಗ 44 ಇರ್ತದ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಊರಿನ ಬಿಸಲ ಸುಡ್ತದರಿ. ಇದು ಕುದಸ್ತದ" ಅಂದರು. ನಾನು ಇಷ್ಟುದ್ದ ಬರೆದದ್ದನ್ನು ಅವರು ಅಷ್ಟರಲ್ಲಿ ಹೇಳಿ ಮುಗಿಸಿದರು.

ರಾತ್ರಿ ಏಳಕ್ಕೆ ಡ್ಯೂಟಿ ಬದಲಾಗುವ ತನಕ ಅವರನ್ನು ಕ್ಯಾಬಿನ್ನಿಗೆ ಬಿಡಲಿಲ್ಲ. ಲಿಫ್ಟ್ ಮುಂದೆಯೇ ಕುರ್ಚಿ ಹಾಕಿ ಕೂರಿಸಿದೆ. ಗೇಟು ಆ ಹುಡುಗರೇ ತೆಗೆದರು.

ಭಾನುವಾರ ಸಂಜೆ ಸೊಸೈಟಿ ಮೀಟಿಂಗ್ ಇದೆ. ಮೂರು ಬೇಡಿಕೆ ಬರೆದಿಟ್ಟಿದ್ದೇನೆ. ಕ್ಯಾಬಿನ್ನಿಗೆ ಫ್ಯಾನ್ ಮತ್ತು ತಗಡಿನ ಮೇಲೆ ನೆರಳು. ಹತ್ತಿ ಬಟ್ಟೆಯ ಶರ್ಟು. ಮಾರ್ಚ್‌ನಿಂದ ಮಳೆ ಹಿಡಿಯುವ ತನಕ ಹನ್ನೆರಡರಿಂದ ನಾಲ್ಕರ ವರೆಗೆ ಕುರ್ಚಿ ಲಿಫ್ಟ್ ಮುಂದೆ. ಕೆಲಸಗಾರರು ಹೆದರಿ ಮಾತಾಡುವುದಿಲ್ಲ, ಮನೆ ಮಾಲೀಕರಾಗಿ ನಾವೇ ಮಾತಾಡಬೇಕು. ನಮ್ಮ ಕಟ್ಟಡದವರು ಈ ಪೋಸ್ಟ್ ಓದುತ್ತಿದ್ದರೆ ದಯವಿಟ್ಟು ಬನ್ನಿ, ಕೈ ಎತ್ತಿ.

ಥರ್ಮಾಮೀಟರ್ ಎರಡೂ ಕ್ಯಾಬಿನ್ನಿನಲ್ಲೇ ಇವೆ. ಭಾನುವಾರ ಮೀಟಿಂಗ್ ಸಂಜೆ ಐದಕ್ಕೆ. ನಾಲ್ಕೂವರೆಗೆ ಕಾರಿನವರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಅರ್ಧ ಗಂಟೆ ಆ ಸ್ಟೂಲಿನ ಮೇಲೆ ಕೂರಲಿ. ಒದ್ದೆ ಬಟ್ಟೆ ಸುತ್ತಿದ್ದನ್ನು ಅವರೇ ಓದಿ ಹೇಳಲಿ.