ಮಾಣಿ ಮಾಡಿದ ಗ್ರೇವಿ

ರೇಷನ್ ಅಂಗಡಿಯ ಯಂತ್ರಕ್ಕೆ ನನ್ನ ಹೆಬ್ಬೆರಳಿನ ಗುರುತು ಸಿಗಲಿಲ್ಲ. ಒರೆಸಿ ಇಟ್ಟೆ, ಊದಿ ಇಟ್ಟೆ, ಎಡಗೈಯದನ್ನೂ ಇಟ್ಟೆ. ಒಪ್ಪಲಿಲ್ಲ. ಹಿಂದೆ ಏಳೆಂಟು ಮಂದಿ ಚೀಲ ಹಿಡಿದು ನಿಂತಿದ್ದರು, ಅವರಲ್ಲಿ ಮೂವರು ನನ್ನ ಹಳೆಯ ವಿದ್ಯಾರ್ಥಿಗಳು. "ಮಾಷೇ, ಬೆರಳಿಗೆ ಏನಾಯಿತು?" ಎಂದು ಅಂಗಡಿಯವನು ನನ್ನ ಕೈಯನ್ನು ಬೆಳಕಿಗೆ ಹಿಡಿದು ನೋಡಿದ. ಹೆಬ್ಬೆರಳು, ತೋರುಬೆರಳುಗಳ ತುದಿ ಕಪ್ಪಾಗಿ, ಹಾವು ಪೊರೆ ಬಿಡುವಂತೆ ಚರ್ಮ ಏಳುತ್ತಿತ್ತು. "ಗ್ರೇವಿ ಮಾಡಿದ್ದು" ಎಂದೆ. ಅವನು ಇನ್ನೇನೂ ಕೇಳಲಿಲ್ಲ. ಮೊಬೈಲಿಗೆ ಬಂದ ಸಂಖ್ಯೆ ಹೇಳಿ ಅಕ್ಕಿ ಹೊತ್ತುಕೊಂಡು ಬಂದೆ.

ಇದಕ್ಕೆಲ್ಲ ಮೂಲ ಮಗಳು ಕೊಡಿಸಿದ ಒಂದು ಊಟ. ಬೆಂಗಳೂರಿನಿಂದ ಬಂದಿದ್ದವಳು ನಮ್ಮನ್ನು ಹೆದ್ದಾರಿ ಬದಿಯ ಹೋಟೆಲಿಗೆ ಕರೆದುಕೊಂಡು ಹೋಗಿದ್ದಳು. ಪನೀರ್ ಬಟರ್ ಮಸಾಲ, ನವರತ್ನ ಕುರ್ಮಾ, ಕಡಾಯಿ ತರಕಾರಿ ಎಂದು ಮೂರು ಬಗೆ ಹೇಳಿದಳು. ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮೂರೂ ಬಂದವು. ನಮ್ಮ ಮನೆಯಲ್ಲಿ ಒಂದು ಸೌತೆಕಾಯಿ ಕೊದಿಲಿಗೆ, ಅಂದರೆ ಕಾಯಿ ಅರೆದು ಮಾಡುವ ಹುಳಿಗೆ, ಮುಕ್ಕಾಲು ಗಂಟೆ ಬೇಕು. ಕೈ ತೊಳೆಯುವ ನೆವದಲ್ಲಿ ಎದ್ದು ಅಡುಗೆಕೋಣೆಯ ಕಡೆ ಇಣುಕಿದೆ. ಎತ್ತರದ ಮೂರು ಪಾತ್ರೆಗಳಿದ್ದವು. ಒಂದರಲ್ಲಿ ಕೆಂಪು, ಒಂದರಲ್ಲಿ ಬಿಳಿ, ಇನ್ನೊಂದರಲ್ಲಿ ಕಂದು. ಭಟ್ಟ ಬಾಣಲೆಗೆ ಕೆಂಪಿನಿಂದ ಎರಡು ಸೌಟು, ಬಿಳಿಯಿಂದ ಅರ್ಧ ಸೌಟು ಸುರಿದ, ಪನೀರು ಎಸೆದ, ಕೆನೆ ಬಿಟ್ಟ, ಒಣಮೆಂತೆ ಸೊಪ್ಪನ್ನು ಅಂಗೈಯಲ್ಲಿ ಉಜ್ಜಿ ಉದುರಿಸಿದ. ಮುಗಿಯಿತು. ಪಟ್ಟಿಯಲ್ಲಿ ನಲವತ್ತು ಹೆಸರು, ಒಳಗೆ ಮೂರೇ ಪಾತ್ರೆ. ಇಷ್ಟು ವರ್ಷ ಪಂಕ್ತಿಭೋಜನ ಮಾಡಿಯೂ ನನಗೆ ಈ ಗುಟ್ಟು ತಿಳಿದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ನಿವೃತ್ತ ಮೇಷ್ಟರಿಗೆ ಒಂದು ವಿಷಯ ಸಿಕ್ಕಿದರೆ ಬಿಡುವುದು ಕಷ್ಟ. ಮೂರು ಗ್ರೇವಿಗಳನ್ನು ಮನೆಯಲ್ಲಿ ಮಾಡಿ, ಹೋಲಿಸಿ, ಅಂಕ ಕೊಡುವುದೆಂದು ನಿರ್ಧರಿಸಿ ಒಂದು ನೋಟುಪುಸ್ತಕ ತೆಗೆದೆ.

ಮೊದಲ ಅಡ್ಡಿ ಅಮ್ಮ. ಎಂಬತ್ತನಾಲ್ಕರ ಅಮ್ಮ ಜನ್ಮದಲ್ಲಿ ನೀರುಳ್ಳಿ, ಬೆಳ್ಳುಳ್ಳಿ ಬಾಯಿಗೆ ಹಾಕಿದವಳಲ್ಲ. ಅವಳ ಅಡುಗೆಮನೆಯೊಳಗೆ ಅವು ಬರುವಂತಿಲ್ಲ. "ನಿನ್ನ ಹೋಟೆಲು ಹಿಂದಿನ ಚಾವಡಿಯಲ್ಲಿ ಆಗಲಿ ಮಾಣಿ" ಎಂದಳು. ನನಗೆ ಅರುವತ್ತು ದಾಟಿದರೂ ಅಮ್ಮನಿಗೆ ನಾನು ಮಾಣಿಯೇ. ನಮ್ಮ ಕಡೆ ಮಾಣಿ ಎಂದರೆ ಹುಡುಗ, ಹೋಟೆಲಿನಲ್ಲಿ ಮಾಣಿ ಎಂದರೆ ತಿಂಡಿ ತಂದುಕೊಡುವವನು. ಬಚ್ಚಲಿನ ಪಕ್ಕ ಹಳೆಯ ಗ್ಯಾಸ್ ಒಲೆ ಇಟ್ಟು ಸೌಟು ಹಿಡಿದು ನಿಂತ ದಿನ ಎರಡು ಅರ್ಥವೂ ಸರಿಹೋಯಿತು.

ಕೆಂಪು ಗ್ರೇವಿ ಹೇಳುವುದಕ್ಕೆ ಬಹಳ ಸುಲಭ. ಟೊಮೆಟೊ, ಸ್ವಲ್ಪ ಗೇರುಬೀಜ, ಬ್ಯಾಡಗಿ ಮೆಣಸು, ಶುಂಠಿ, ಏಲಕ್ಕಿ ಹಾಕಿ ಬೇಯಿಸಬೇಕು, ಅರೆಯಬೇಕು, ಸೋಸಬೇಕು, ಬೆಣ್ಣೆಯಲ್ಲಿ ಕುದಿಸಬೇಕು. ಬೇಯಿಸುವವರೆಗೆ ತೊಂದರೆ ಇರಲಿಲ್ಲ. ಆಮೇಲೆ ಕುದಿಯುತ್ತಿದ್ದುದನ್ನು ಹಾಗೆಯೇ ಮಿಕ್ಸಿಗೆ ಸುರಿದು, ಮುಚ್ಚಳ ಒತ್ತಿ, ಗುಂಡಿ ತಿರುಗಿಸಿದೆ. ಬಿಸಿ ದ್ರವದ ಹಬೆಗೆ ಹೋಗಲು ದಾರಿ ಇಲ್ಲದಿದ್ದರೆ ಅದು ತಾನೇ ದಾರಿ ಮಾಡಿಕೊಳ್ಳುತ್ತದೆ ಎಂದು ಏಳನೆಯ ತರಗತಿಗೆ ಎಷ್ಟೋ ವರ್ಷ ಪಾಠ ಮಾಡಿದವನು ನಾನು. ಮುಚ್ಚಳ ಮಾಡಿಗೆ ಹಾರಿತು. ಗೋಡೆ, ಒಣಗಲು ಹಾಕಿದ ಬೈರಾಸು, ನನ್ನ ಕನ್ನಡಕ, ಮೀಸೆ ಎಲ್ಲವೂ ಕೆಂಪು. ಓಡಿ ಬಂದ ಹೆಂಡತಿ ಬಾಗಿಲಲ್ಲೇ ನಿಂತು ಮೇಲಿನಿಂದ ಕೆಳಗೆ ನೋಡಿ, "ಯಾವ ಪ್ರಸಂಗ?" ಎಂದು ಕೇಳಿದಳು. ಇದು ಯಕ್ಷಗಾನದ ಕವಿ ಕುಂಬಳೆಯ ಪಾರ್ತಿಸುಬ್ಬನ ಸೀಮೆ, ಬಣ್ಣದ ವೇಷ ಕಂಡರೆ ಗುರುತು ಹಿಡಿಯದವರಿಲ್ಲ. ಆ ವೇಷದ ಕಿರೀಟ, ಕೇಸರಿತಟ್ಟಿ, ಒಂದು ಕಡಿಮೆ ಇತ್ತು.

ಜಾಡಿಯ ತಳದಲ್ಲಿ ಉಳಿದದ್ದರಿಂದ ಎರಡು ಸೌಟು ಆಯಿತು. ರುಚಿ ಕೆಟ್ಟದೇನಲ್ಲ, ಆದರೆ ಹುಳಿ. ಸಕ್ಕರೆ ಹಾಕಿದೆ, ಸಿಹಿಯಾಯಿತು. ಬೆಣ್ಣೆ ಹಾಕಿದೆ, ಸಿಹಿಯಾದ ಬೆಣ್ಣೆಯಾಯಿತು. ಹೋಟೆಲಿನವನು ಈ ಕೆಂಪಿಗೆ ಬಿಳಿಯ ಅರ್ಧ ಸೌಟು ಏಕೆ ಸೇರಿಸಿದ ಎಂಬುದು ಆಗ ಹೊಳೆಯಿತು. ಗೇರುಬೀಜದ ಮಂದ ರುಚಿ ಟೊಮೆಟೊದ ಹುಳಿಯನ್ನು ಹಿಡಿದು ಕೂರಿಸುತ್ತದೆ. ಕೆಂಪಿಗೆ ನೂರಕ್ಕೆ ಐವತ್ತನಾಲ್ಕು. ಗೋಡೆಯ ಲೆಕ್ಕದಲ್ಲಿ ಹತ್ತು ಕಳೆದಿದ್ದೇನೆ.

ಬಿಳಿ ಗ್ರೇವಿ ಎಂದರೆ ನೀರುಳ್ಳಿ, ಗೇರುಬೀಜ, ಕರಬೂಜದ ಬೀಜ. ಬಣ್ಣ ತಿರುಗಬಾರದು, ಅಷ್ಟೇ ನಿಯಮ. ಪೇಟೆಯಿಂದ ಗೇರುಬೀಜ ತರಲು ಹೆಂಡತಿ ಹೊರಟಾಗ ನನ್ನ ಸ್ವಾಭಿಮಾನ ಕೆರಳಿತು. ಮನೆಯ ಹಿಂದಿನ ಗುಡ್ಡೆ ತುಂಬ ಗೇರುಮರಗಳಿವೆ, ಗೋಣಿಯಲ್ಲಿ ಬೀಜ ಇದೆ. ನಮ್ಮ ಬೀಜವನ್ನು ಗೋಣಿಯಲ್ಲಿ ಮಾರಿ, ಅದೇ ಬೀಜವನ್ನು ಪೊಟ್ಟಣದಲ್ಲಿ ಕೊಂಡು ತರುವುದೇ? ಕತ್ತಿ ಹಿಡಿದು ಕುಳಿತು ಹಸಿಯಾಗಿಯೇ ಸೀಳಿದೆ. ಚಿಕ್ಕಂದಿನಲ್ಲಿ ಬೆಂಕಿಯಲ್ಲಿ ಸುಟ್ಟು ತಿನ್ನುತ್ತಿದ್ದುದು ನೆನಪಿತ್ತು, ಏಕೆ ಸುಡುತ್ತಿದ್ದೆವು ಎಂಬುದು ಮರೆತಿತ್ತು. ಸಿಪ್ಪೆಯೊಳಗಿನ ಎಣ್ಣೆ ಚರ್ಮವನ್ನು ಬೇಯಿಸುತ್ತದೆ. ಅದಕ್ಕೇ ಒಣಗಿದ ಬೀಜವನ್ನು ಸಾಮಾನ್ಯವಾಗಿ ಹುರಿದೋ ಹಬೆಯಲ್ಲಿ ಬೇಯಿಸಿಯೋ ಬಿಡಿಸುತ್ತಾರೆ. ಇಪ್ಪತ್ತು ಬೀಜ ಸೀಳಿದ ಮೇಲೆ ಬೆರಳು ಉರಿಯತೊಡಗಿತು. ತೆಂಗಿನೆಣ್ಣೆ ಹಚ್ಚಿಕೊಂಡು ಪೇಟೆಗೆ ಹೋಗಿ ಪೊಟ್ಟಣ ತಂದೆ. ರೇಷನ್ ಅಂಗಡಿಯಲ್ಲಿ ನಾನು ಯಾರೂ ಅಲ್ಲದವನಾದದ್ದು ಹೀಗೆ.

ಬೆರಳು ಕೊಟ್ಟರೂ ಬಿಳಿ ಗ್ರೇವಿ ಒಲಿಯಲಿಲ್ಲ. ನೀರುಳ್ಳಿಯನ್ನು ಹಸಿಯಾಗಿ ಅರೆದು ಆಮೇಲೆ ಬೇಯಿಸಿದ್ದೆ. ಹಾಗೆ ಅರೆದರೆ ನೀರುಳ್ಳಿಯೊಳಗಿನ ಗಂಧಕದ ಅಂಶವೆಲ್ಲ ಕೆರಳಿ ಕಹಿಯಾಗುತ್ತದೆ, ಮೊದಲು ಬೇಯಿಸಿ ಅರೆದರೆ ತಣ್ಣಗಿರುತ್ತದೆ. ನನ್ನ ಕುರ್ಮಾ ನೆಲಬೇವಿನ ಕಷಾಯಕ್ಕೆ ಹಾಲು ಹಾಕಿದಂತಿತ್ತು. ಮೂವತ್ತೈದು ಅಂಕ ಕೊಟ್ಟೆ. ಕೊಟ್ಟದ್ದಲ್ಲ, ದಾಟಿಸಿದ್ದು.

ಕಂದು ಗ್ರೇವಿಯ ವಿಷಯ ಹೇಳುವಷ್ಟಿಲ್ಲ. ನೀರುಳ್ಳಿಯನ್ನು ಕಂದುಬಣ್ಣಕ್ಕೆ ಹುರಿದು ಮೊಸರಿನೊಂದಿಗೆ ಅರೆಯಬೇಕು. ಹುರಿಯುವಾಗ ಫೋನು ಬಂತು. ಇದ್ದಿಲಾಯಿತು.

ಇಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ರಾತ್ರಿ ಮೊಬೈಲಿನಲ್ಲಿ ವಿಡಿಯೊ ನೋಡುತ್ತಿದ್ದಾಗ ನಾಲ್ಕನೆಯದೊಂದು ಸಿಕ್ಕಿತು, ಇಂಗ್ಲೆಂಡಿನ ಇಂಡಿಯನ್ ಹೋಟೆಲುಗಳ ಗ್ರೇವಿ. ಅಲ್ಲಿ ಈ ಹೋಟೆಲುಗಳನ್ನು ಹೆಚ್ಚಾಗಿ ನಡೆಸುವವರು ಬಾಂಗ್ಲಾದೇಶದ ಸಿಲೆಟ್ ಕಡೆಯವರು. ಅವರ ಪದ್ಧತಿಯಲ್ಲಿ ಕೆಂಪು, ಬಿಳಿ ಎಂಬ ಭೇದವಿಲ್ಲ, ಎಲ್ಲದಕ್ಕೂ ಒಂದೇ ಹಂಡೆ. ಎರಡು ಕಿಲೋ ನೀರುಳ್ಳಿ, ಒಂದು ಕ್ಯಾರೆಟ್, ಚೂರು ಕೋಸು, ದೊಣ್ಣೆಮೆಣಸು, ಶುಂಠಿ, ಬೆಳ್ಳುಳ್ಳಿ. ಎಣ್ಣೆ ಒಗ್ಗರಣೆಗೆ ಹಾಕುವಷ್ಟಲ್ಲ, ದೀಪಾವಳಿಯ ಅಭ್ಯಂಜನಕ್ಕೆ ಸಾಲುವಷ್ಟು. ಒಂದೂವರೆ ಗಂಟೆ ಬೇಯಿಸಿ, ಆರಿಸಿ (ಈ ಸಲ ಆರಿಸಿದೆ), ನುಣ್ಣಗೆ ಅರೆದು, ಸಾರಿನಷ್ಟು ತೆಳ್ಳಗೆ ಮಾಡಬೇಕು.

ನೀರುಳ್ಳಿಯ ಪರಿಮಳ ತೋಟ ದಾಟಿತು. ಬೇಲಿಯಾಚೆಯ ಮಹಮ್ಮದಾಕ ಬಂದು, "ಮಾಷೇ, ಮಗಳದ್ದು ಸೀಮಂತವಾ?" ಎಂದು ವಿಚಾರಿಸಿದರು.

ಆ ಗ್ರೇವಿಯನ್ನು ಹಾಗೆಯೇ ಬಾಯಿಗೆ ಹಾಕಿದರೆ ಜ್ವರದವರ ಗಂಜಿ. ಚಮತ್ಕಾರ ಇರುವುದು ಆಮೇಲೆ. ಬಾಣಲೆ ಹೊಗೆಯಾಡುವಷ್ಟು ಕಾಯಬೇಕು. ಎಣ್ಣೆ, ಬೆಳ್ಳುಳ್ಳಿ, ಮಸಾಲೆ ಪುಡಿ ಬಿದ್ದ ಮೇಲೆ ಒಂದೇ ಸೌಟು ಗ್ರೇವಿ. ಅದು ಕೊತಕೊತ ಕುದಿದು, ಬತ್ತಿ, ಬಾಣಲೆಯ ಅಂಚಿಗೆ ಹತ್ತಿಕೊಂಡು ಕಂದಾಗಬೇಕು. ಕೆರೆದು ತಿರುವಿ ಇನ್ನೊಂದು ಸೌಟು. ಮತ್ತೆ ಬತ್ತಬೇಕು, ಮತ್ತೆ ಕೆರೆಯಬೇಕು. ಮೂರನೆಯ ಸೌಟಿಗೆ ನನ್ನ ಮೂಗಿನ ಹತ್ತಿರ ಥಟ್ಟನೆ ಹೋಟೆಲು ಬಂದು ನಿಂತಿತು! ನೀರಿರುವಷ್ಟು ಹೊತ್ತು ಯಾವ ಪದಾರ್ಥವೂ ನೂರು ಡಿಗ್ರಿ ದಾಟುವುದಿಲ್ಲ, ಅಂಚಿನಲ್ಲಿ ನೀರು ಆರಿದ ಜಾಗದಲ್ಲಿ ಮಾತ್ರ ಕಾವು ಏರಿ ಆ ಘಮ ಹುಟ್ಟುತ್ತದೆ. ನಾವು ಮನೆಯಲ್ಲಿ ತಳ ಹಿಡಿಯಿತೆಂದು ಗಾಬರಿಯಾಗಿ ನೀರು ಹೊಯ್ಯುವ ಗಳಿಗೆಯಲ್ಲೇ ಹೋಟೆಲಿನ ಅಡುಗೆ ಶುರುವಾಗುತ್ತದೆ. ಎಪ್ಪತ್ತೆರಡು ಅಂಕ, ಪ್ರಥಮ ದರ್ಜೆ.

ಅಮ್ಮ ನಾಲ್ಕು ಮಾರು ದೂರದಿಂದ ಹಂಡೆಯನ್ನು ನೋಡಿದಳು. "ಕಾಯಿ ಹಾಕಿದ್ದೀಯಾ?"

"ಇಲ್ಲ."

"ಹಾಗಾದರೆ ಬೋಳುಹುಳಿ." ತೆಂಗಿನಕಾಯಿ ಇಲ್ಲದ ಪದಾರ್ಥಕ್ಕೆ ನಮ್ಮಲ್ಲಿ ಇರುವ ಹೆಸರೇ ಬೋಳು. "ಪಾಪ, ಇಂಗ್ಲೆಂಡಿನಲ್ಲಿ ತೆಂಗು ಎಲ್ಲಿ ಬೆಳೆಯಬೇಕು?" ಎಂದು ಕನಿಕರಪಟ್ಟು ಒಳಗೆ ಹೋದಳು. ಅವಳ ಮಾತನ್ನು ತಳ್ಳಿಹಾಕುವಂತಿಲ್ಲ. ತೆಂಗಿನ ಸಂಶೋಧನೆಗೆಂದೇ 1916ರಲ್ಲಿ ಕೇಂದ್ರ ತೆರೆದ ಊರು ನಮ್ಮ ಕಾಸರಗೋಡು. 1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದಾಗ ಹದಿನೈದರ ಹುಡುಗಿಯಾಗಿದ್ದ ಅಮ್ಮ ಹೆರೆಮಣೆಯ ಮೇಲೆ ಕುಳಿತಿದ್ದಿರಬೇಕು. ಹೊಸ ರಾಜ್ಯದವರೂ ಪುಣ್ಯಕ್ಕೆ ಕಾಯಿ ತಿನ್ನುವವರೇ.

ನಾಲ್ಕು ಲೀಟರ್ ಗ್ರೇವಿಯನ್ನು ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟೆ. ಮಳೆಗಾಲದ ಆಟಿ ತಿಂಗಳಿಗೆ ಮಗಳು, ಅಳಿಯ ಬರುವವರಿದ್ದರು. ಹತ್ತು ನಿಮಿಷಕ್ಕೊಂದು ಪದಾರ್ಥ ಮಾಡಿ ಬಡಿಸಿ ಅಳಿಯನನ್ನು ಬೆರಗುಗೊಳಿಸುವ ಯೋಜನೆ. ಅವರು ಬಂದ ರಾತ್ರಿಯೇ ಗಾಳಿಗೆ ಹಲಸಿನ ಮರ ವಿದ್ಯುತ್ ತಂತಿಯ ಮೇಲೆ ಬಿತ್ತು. ಮರುದಿನ ಬೆಳಗಾದರೂ ಕರೆಂಟಿಲ್ಲ. ಡಬ್ಬಿ ಮುಟ್ಟಿ ನೋಡಿದರೆ ಅಂಚು ಕರಗಿ ನಡುವೆ ಗಡ್ಡೆ ಉಳಿದಿತ್ತು. ತಣ್ಣಗಿದೆ, ಆದರೆ ಇನ್ನು ಇಡುವಂತಿಲ್ಲ. ಪೇಟೆಗೆ ಹೋಗಲು ದಾರಿಯಿಲ್ಲ, ಪನೀರಿಲ್ಲ, ಕೆನೆಯಿಲ್ಲ. ಒಲೆಯಲ್ಲಿ ಗ್ಯಾಸ್ ಮುಗಿಯುತ್ತ ಬಂದು ಬಾಣಲೆ ಹೊಗೆಯಾಡುವ ಮಾತೇ ಇಲ್ಲ. ನಾಲ್ಕು ಲೀಟರ್ ಜ್ವರದ ಗಂಜಿ ನನ್ನ ಮುಂದೆ ಕುಳಿತಿತ್ತು.

ಚೆಲ್ಲುವುದು ಅಮ್ಮನ ಜಾಯಮಾನದಲ್ಲಿಲ್ಲ, ಅದು ನೀರುಳ್ಳಿಯದ್ದಾದರೂ ಸರಿ. ಹಿಂದಿನ ಚಾವಡಿಯ ಹೊಸ್ತಿಲಿನಾಚೆ ಮಣೆ ಹಾಕಿಸಿ ಕುಳಿತಳು. ಬಚ್ಚಲೊಲೆಗೆ ಹಂಡೆ ಏರಿತು. ಅಟ್ಟದಲ್ಲಿ ಬಾಳೆನಾರಿನಲ್ಲಿ ತೂಗುಹಾಕಿದ್ದ ಸೌತೆ ಇಳಿಯಿತು. ಮಣ್ಣು ಮೆತ್ತಿ ಇಟ್ಟಿದ್ದ ಹಲಸಿನ ಬೀಜವನ್ನು ಅಳಿಯ ತೊಳೆದು ಜಜ್ಜಿದರು. ಕರೆಂಟಿಲ್ಲದ್ದರಿಂದ ಕಡೆಯುವ ಕಲ್ಲಿಗೆ ನಾನು. ಕೊತ್ತಂಬರಿ, ಮೆಣಸು, ಚಿಟಿಕೆ ಮೆಂತೆ, ಇಂಗು ಹುರಿದು ಎರಡು ಕಾಯಿಯ ತುರಿಯೊಂದಿಗೆ ಅರೆಯಬೇಕಾಗಿತ್ತು. ಪೊರೆ ಬಿಟ್ಟ ಬೆರಳಿಗೆ ಮೆಣಸು ತಾಗಿ ಕಣ್ಣಲ್ಲಿ ನೀರು ಬಂತು.

"ಹುರಿದದ್ದು ಹಾಕಿ ಕಡೆದರೆ ಕೊದಿಲು. ಹುರಿಯದೆ ಬರೀ ಕಾಯಿ ಕಡೆದು ಮಜ್ಜಿಗೆ ಹೊಯ್ದರೆ ಮೇಲಾರ. ಹಸಿ ಸಾಸಿವೆ ಹಾಕಿದರೆ ಸಾಸಮೆ" ಎಂದು ಅಮ್ಮ ಅಳಿಯನಿಗೆ ವಿವರಿಸುತ್ತಿದ್ದಳು. "ಹೋಟೆಲಿನವರಿಗೆ ಕಾಯಿ ಹೆರೆಯುವುದಕ್ಕೆ ಜನ ಸಿಕ್ಕುವುದಿಲ್ಲ ಕಾಣುತ್ತದೆ. ಅದಕ್ಕೆ ನೀರುಳ್ಳಿ." ನಾನು ಮೂರು ತಿಂಗಳು ಅಂಕ ಹಾಕಿ ಕಲಿತದ್ದನ್ನು ಅವಳು ಹಲಸಿನ ಬೀಜ ಬೇಯುವಷ್ಟರಲ್ಲಿ ಹೇಳಿ ಮುಗಿಸಿದ್ದಳು. ನೋಟುಪುಸ್ತಕ ಎಲ್ಲಿದೆ ಎಂದು ನಾನು ಯಾರಿಗೂ ಹೇಳಲಿಲ್ಲ.

ಅರಪ್ಪು ಹಂಡೆಗೆ ಬಿತ್ತು, ಬೆಲ್ಲ, ಹುಳಿ ಬಿದ್ದವು. ಅಮ್ಮ ಅದನ್ನು ಮುಟ್ಟಲಿಲ್ಲ, ನಾಲಗೆಗೆ ಹಾಕುವುದಂತೂ ಇಲ್ಲ. ಹಬೆ ತನ್ನತ್ತ ಬರುವಂತೆ ಕೈಯಾಡಿಸಿ, "ಉಪ್ಪು ಇನ್ನೊಂದು ಚಮಚ" ಎಂದಳು. ರುಚಿ ನೋಡಿದೆ. ಒಂದೇ ಚಮಚ ಕಡಿಮೆಯಿತ್ತು. ಕೊನೆಗೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ.

ಅಳಿಯ ಮೂರು ಸಲ ಬಡಿಸಿಕೊಂಡರು. ಬಾಳೆಲೆಯ ಮೇಲೆ ಅನ್ನ ಮುಗಿದ ಮೇಲೂ ಬೆರಳು ನಿಲ್ಲಲಿಲ್ಲ. ಮಹಮ್ಮದಾಕನ ಮನೆಗೂ ಒಂದು ಪಾತ್ರೆ ಹೋಯಿತು, ಖಾಲಿಯಾಗಿ ತೊಳೆದು ಬಂತು.

ಅಮ್ಮ ಹೊಸ್ತಿಲಿನಾಚೆಯಿಂದ ನನ್ನನ್ನೇ ನೋಡುತ್ತಿದ್ದಳು. "ಹೇಗುಂಟು ಮಾಣಿ?"

ಮೂರು ತಿಂಗಳು ನಾನು ಬೆನ್ನಟ್ಟಿದ್ದ ಒಂದೇ ಒಂದು ಮಾತು ಬಾಯಿಗೆ ಬಂತು. ನನ್ನ ಬಳಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇರಲಿಲ್ಲ.

"ಥೇಟ್ ಹೋಟೆಲಿನದರ ಹಾಗೆಯೇ ಉಂಟಮ್ಮ!"

ಅಮ್ಮ ಮಣೆಯಿಂದ ಎದ್ದು ಒಳಗೆ ಹೋದಳು. ಸಂಜೆ ಎಲ್ಲರಿಗೂ ಕಾಫಿ ಬಂತು, ನನಗೆ ಬರಲಿಲ್ಲ.