ಕಣ್ಣು ಹೊಡಿ ಅಜ್ಜಿ, ಕಾರ್ಡು ಬರುತ್ತೆ

ನಮ್ಮ ಓಣಿ ತಿರುವಿನಲ್ಲಿ ಹೊಸ ಫ್ಲೆಕ್ಸ್ ಬಂದಿದೆ. 'ಮನೆಯಲ್ಲೇ ಕೂತು ಮೊಬೈಲಿನಲ್ಲೇ ಆಯುಷ್ಮಾನ್ ಆರೋಗ್ಯ ಕಾರ್ಡು, ಕೆಲವೇ ನಿಮಿಷದಲ್ಲಿ' ಅಂತ. ಅದರಲ್ಲಿ ಒಂದು ಕುಟುಂಬ ನಗುತ್ತಿದೆ. ಅಪ್ಪ, ಅಮ್ಮ, ಎರಡು ಮಕ್ಕಳು, ಎಲ್ಲರ ಹಲ್ಲೂ ಬೆಳ್ಳಗೆ. ನೆಗಡಿಯೂ ಬರದಂಥ ಜನ. ಫ್ಲೆಕ್ಸ್ ಕೆಳಗೇ ಸೇವಾ ಕೇಂದ್ರ, ಅದರ ಮುಂದೆ ಬೆಳಗ್ಗೆ ಏಳಕ್ಕೇ ಕ್ಯೂ. ಮನೆಯಲ್ಲೇ ಕೂತಿರಬೇಕಾದವರೆಲ್ಲ ಇಲ್ಲಿ ನಿಂತಿದ್ದಾರೆ.

ನಾನೂ ನಿಂತಿದ್ದೆ. ಜೊತೆಗೆ ನಮ್ಮ ದೊಡ್ಡಮ್ಮ. ವಯಸ್ಸು 66. ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು. ದಾವಣಗೆರೆಯವರಿಗೆ ಭಟ್ಟಿ ಅಂದರೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಿನವರಿಗೆ ಹೇಳುವುದಾದರೆ, ನೀವು ಸಂಜೆ ಮಿರ್ಚಿ ಜೊತೆ ಮೆಲ್ಲುವ ಮಂಡಕ್ಕಿ ಕಾದ ಮರಳಿನಲ್ಲಿ ಅರಳಿದ್ದು. ಒಲೆಗೆ ಹೊಟ್ಟು, ಕಣ್ಣಿಗೆ ಹೊಗೆ, ಕೈಗೆ ಬಿಸಿ. ದೊಡ್ಡಮ್ಮನ ಬೆರಳ ತುದಿ ಈಗ ಸವೆದ ನಾಲ್ಕಾಣೆಯ ಹಾಗೆ ನುಣ್ಣಗಿದೆ. ಗೆರೆ ಅನ್ನುವುದೇ ಇಲ್ಲ.

ಯಂತ್ರಕ್ಕೆ ಗೆರೆ ಬೇಕು. ಕೇಂದ್ರದ ಹುಡುಗ ಒತ್ತಿಸಿದ, ಸೆರಗಿಗೆ ಒರೆಸಿಸಿದ, ತಲೆಗೂದಲಿಗೆ ತಿಕ್ಕಿಸಿ ಎಣ್ಣೆ ಪಸೆ ಬರಿಸಿ ಮತ್ತೆ ಒತ್ತಿಸಿದ. ಹತ್ತೂ ಬೆರಳು ಮುಗಿದವು.

"ಅಜ್ಜಿ, ನಿಮ್ ಬೆಳ್ಳು ತಗೊಳ್ತಿಲ್ಲ."

"ಮಂಡಕ್ಕಿ ತಗಂಡೈತಲ್ಲಪ್ಪ ಅದನ್ನ."

ಸರಿ, ಒಟಿಪಿ. ಆಧಾರಿಗೆ ಕೊಟ್ಟಿದ್ದು ದೊಡ್ಡಪ್ಪನ ನಂಬರ್. ದೊಡ್ಡಪ್ಪ ಹೋಗಿ ಆರು ವರ್ಷ. ರೀಚಾರ್ಜ್ ಇಲ್ಲದೆ ಸಿಮ್ಮೂ ಅವರ ಹಿಂದೆಯೇ ಹೋಯಿತು. ಇರಲಿ ಅಂತ ಆ ನಂಬರಿಗೆ ಫೋನ್ ಮಾಡಿದೆ. ಯಾರೋ ಎತ್ತಿದರು. "ಸರ್, ನಿಮ್ಮ ಮೊಬೈಲಿಗೆ ಒಂದು ಒಟಿಪಿ ಬಂದಿರುತ್ತೆ, ಸ್ವಲ್ಪ ಹೇಳ್ತೀರಾ?" ಅಂದೆ. ಮುಂದೆ ಅವರು ನನ್ನ ವಂಶವನ್ನು ಕುರಿತು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಸೈಬರ್ ಪೊಲೀಸರಿಗೆ ಕೊಡ್ತೀನಿ ಅಂದರು. ಅವರ ತಪ್ಪೇನಿಲ್ಲ. ಒಟಿಪಿ ಯಾರಿಗೂ ಹೇಳಬೇಡಿ ಅಂತ ಬಡ್ಕೊಳ್ಳೋದೂ ಸರ್ಕಾರವೇ, ಹೇಳದಿದ್ದರೆ ಕಾರ್ಡಿಲ್ಲ ಅನ್ನೋದೂ ಸರ್ಕಾರವೇ.

ಇಲ್ಲಿ ನನಗೆ ಆ ಪುಣ್ಯವಂತರು ನೆನಪಾದರು. 2023ರ ಆಗಸ್ಟಿನಲ್ಲಿ ಸಂಸತ್ತಿಗೆ ಬಂದ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವವರ, ವರದಿಯನ್ನು ನೀವು ಮರೆತಿರಲಿಕ್ಕಿಲ್ಲ. ಇದೇ ಆಯುಷ್ಮಾನ್ ಯೋಜನೆಯಲ್ಲಿ 7,49,820 ಫಲಾನುಭವಿಗಳಿಗೆ ಒಂದೇ ಮೊಬೈಲ್ ನಂಬರ್. 9999999999. ಇನ್ನು 1,39,300 ಜನಕ್ಕೆ ಎಂಟೆಂಟು ಎಂಟೆಂಟು. 2011ರ ಜನಗಣತಿಯಲ್ಲಿ ದಾವಣಗೆರೆ ಊರಿನ ಜನಸಂಖ್ಯೆ ನಾಲ್ಕೂವರೆ ಲಕ್ಷದೊಳಗೆ. ಅಂದರೆ ಇಡೀ ಊರು ಆ ಒಂದು ಫೋನಿಗೆ ಜೋತುಬಿದ್ದರೂ ಹರಿಹರದವರಿಗೆ ಜಾಗ ಉಳಿಯುತ್ತೆ. ಆ ಫೋನ್ ಯಾರ ಜೇಬಿನಲ್ಲಿದೆಯೋ! ರಾತ್ರಿ ಅವರಿಗೆ ನಿದ್ದೆ ಹತ್ತುತ್ತಾ? ಏಳೂವರೆ ಲಕ್ಷ ಜನರ ಮೆಸೇಜು ಟಿಣ್ ಟಿಣ್ ಅಂತಿದ್ದರೆ ಹೆಂಡತಿ ಏನಂತಾಳೆ?

ಅದೇ ವರದಿಯಲ್ಲಿ 11ರಿಂದ 201 ಜನರಿರುವ ಮನೆಗಳೂ ಇವೆ, ಒಟ್ಟು 43,197. ಕೂಡು ಕುಟುಂಬ ಒಡೆದುಹೋಯ್ತು ಅಂತ ಅಳುವ ಹಿರಿಯರು ಕಣ್ಣೊರೆಸಿಕೊಳ್ಳಲಿ. 201 ಜನರ ಮನೆಯಲ್ಲಿ ಬೆಣ್ಣೆ ದೋಸೆ ಹಾಕಿದರೆ ಮೊದಲು ತಿಂದವನಿಗೆ ಎರಡನೇ ದೋಸೆ ಬರುವುದು ಮರುದಿನವೇ ಅಲ್ವಾ? ಇನ್ನೂ ಇದೆ. ಕಂಪ್ಯೂಟರಿನಲ್ಲಿ ಸತ್ತಿದ್ದಾರೆ ಅಂತ ಬರೆದಿದ್ದ 3,446 ರೋಗಿಗಳಿಗೆ ಆಮೇಲೂ ಚಿಕಿತ್ಸೆ ನಡೆದಿದೆ. ಆಸ್ಪತ್ರೆಗಳಿಗೆ 6.97 ಕೋಟಿ ಸಂದಿದೆ. ಬದುಕಿರುವ ದೊಡ್ಡಮ್ಮನ ಬೆರಳು ಹೊಂದುವುದಿಲ್ಲ, ಅವರದ್ದು ಹೇಗೆ ಹೊಂದಿತೋ.

ಮೊಬೈಲ್ ನಂಬರಿಗೂ ಫಲಾನುಭವಿ ಪರಿಶೀಲನೆಗೂ ಸಂಬಂಧವಿಲ್ಲ ಅಂತ ಸರ್ಕಾರ ಆಗ ಸಮಜಾಯಿಷಿ ಕೊಟ್ಟಿತು. ಆ ನಂಬರ್ ಬೇರೆ, ಆಧಾರ್ ಒಟಿಪಿ ಬೇರೆ ಅಂತ ತಿಳಿದವರು ನನ್ನನ್ನೂ ತಿದ್ದುತ್ತಾರೆ. ತಿದ್ದಲಿ. ಕ್ಯೂನಲ್ಲಿ ನಿಂತವರಿಗೆ ಎರಡರದ್ದೂ ಒಂದೇ ಕಾಲುನೋವು.

ಕೊನೆಗೆ ಮುಖ. ಹುಡುಗ ಮೊಬೈಲನ್ನು ದೊಡ್ಡಮ್ಮನ ಮುಂದೆ ಹಿಡಿದ. "ಅಜ್ಜಿ, ಕಣ್ಣು ಮಿಟುಕಿಸಿ."

ದೊಡ್ಡಮ್ಮ ನನ್ನ ಕಡೆ ತಿರುಗಿದಳು. "ಈ ವಯಸ್ನಾಗೆ ಯಾರಿಗ್ಲಾ ಕಣ್ಣು ಹೊಡೀಲಿ?"

ಕ್ಯೂ ಎಲ್ಲಾ ಗೊಳ್ಳೆಂದಿತು. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಾಚಿಕೊಂಡಳು. ಸೆರಗು ಅಡ್ಡ ಬಂದರೆ ಮುಖ ಕಾಣಲ್ಲ. ಸೆರಗು ತೆಗೆದರೆ ನಗು ಬರುತ್ತೆ. ನಗು ಬಂದರೆ ಕಣ್ಣು ಮುಚ್ಚುತ್ತೆ. ಹಿಂದೆ ನಿಂತವರೆಲ್ಲ "ಹೊಡಿ ಅಜ್ಜಿ, ಹೊಡಿ" ಅಂತ ಹುರಿದುಂಬಿಸಿದರು. ನಾಲ್ಕನೇ ಸಲಕ್ಕೆ ಪರದೆಯ ಮೇಲೆ ಹಸಿರು ಗುರುತು ಬಂತು. ತಂತ್ರಜ್ಞಾನಕ್ಕೆ ಜಯವಾಗಲಿ.

ಜಯ ಅರ್ಧ ನಿಮಿಷ ಇತ್ತು. ಆಧಾರಿನಲ್ಲಿ ಗಿರಿಜಮ್ಮ, ರೇಷನ್ ಕಾರ್ಡಿನಲ್ಲಿ ಗಿರ್ಜವ್ವ. ಹೊಂದಲಿಲ್ಲ. ಅವ್ವನೂ ಅಮ್ಮನೂ ಒಂದೇ ಅಂತ ಆ ಯಂತ್ರಕ್ಕೆ ಹೇಳುವವರು ಯಾರು? ಅದೇ ಯೋಜನೆಯ ಹೆಸರು ನೋಡಿ. ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಮುಖ್ಯಮಂತ್ರಿಗಳ ಆರೋಗ್ಯ ಕರ್ನಾಟಕ. ಒಂದೇ ಉಸಿರಿಗೆ ಹೇಳಿದರೆ ಶ್ವಾಸಕೋಶ ಸರಿ ಇದೆ ಅಂತ ಲೆಕ್ಕ. 2018ರ ಮಾರ್ಚಿನಲ್ಲಿ ಬರೀ ಆರೋಗ್ಯ ಕರ್ನಾಟಕ ಇತ್ತು. ಅದೇ ಅಕ್ಟೋಬರಿಗೆ ಆಯುಷ್ಮಾನ್ ಸೇರಿತು. ಆಮೇಲೆ ಇಬ್ಬರು ಮಂತ್ರಿಗಳೂ ಬಂದು ಕೂತರು. ಅವರ ಯೋಜನೆಯ ಹೆಸರು ಎಷ್ಟು ಸಲ ಬೇಕಾದರೂ ಬದಲಾಗಬಹುದು. ನಮ್ಮದರಲ್ಲಿ ಒಂದು ಒತ್ತಕ್ಷರ ಹೆಚ್ಚಾದರೂ ನಾವು ಬೇರೆಯವರು.

ಯೋಜನೆ ಕೆಟ್ಟದ್ದಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಅಂದರೆ ಭಟ್ಟಿಯ ಮನೆಗಳಿಗೆ ಅದು ಸಣ್ಣ ದುಡ್ಡಲ್ಲ. ಅದಕ್ಕೇ ಹೊಟ್ಟೆ ಉರಿಯುವುದು. ಈ ಹೆಂಗಸಿನ ರೇಷನ್ ಕಾರ್ಡು ಸರ್ಕಾರದ ಹತ್ತಿರ ಇದೆ. ಆಧಾರ್ ಅದಕ್ಕೆ ಜೋಡಣೆಯಾಗಿದೆ, ಅದಕ್ಕೂ ಒಂದು ದಿನ ಕೂಲಿ ಬಿಟ್ಟು ನಿಂತಿದ್ದಳು. ಬಡವಳು ಅಂತ ನೀವೇ ಬರೆದುಕೊಂಡಿದ್ದೀರಿ. ಮನೆಯಲ್ಲಿ ಯಾರ್ಯಾರಿದ್ದಾರೆ ನಿಮಗೇ ಗೊತ್ತು. ಹಾಗಿದ್ದರೆ ಕಾರ್ಡು ಅವಳ ಮನೆಗೆ ಹೋಗಬೇಕಿತ್ತು. ಅವಳು ಯಾಕ್ರೀ ಬರಬೇಕು? ಸೊಂಟ ಹಿಡಿದುಕೊಂಡು ಮೂರು ಸಲ ಯಾಕೆ ಬರಬೇಕು? ಸುಲಭ ಸುಲಭ ಅಂತೀರಿ, ಯಾರಿಗೆ ಸುಲಭ?

ಇರಲಿ. ಹುಡುಗ ಒಳ್ಳೆಯವನು, ಬರಿಗೈಲಿ ಕಳಿಸಲಿಲ್ಲ. "ಸದ್ಯಕ್ಕೆ ಇದು ಇಟ್ಕೊಳ್ಳಿ ಅಜ್ಜಿ" ಅಂತ ಒಂದು ಆಭಾ ಕಾರ್ಡ್ ಪ್ರಿಂಟ್ ತೆಗೆದು ಕೊಟ್ಟ. ದೊಡ್ಡಮ್ಮನ ಫೋಟೋ, ಹೆಸರು, 14 ಅಂಕಿಯ ನಂಬರ್. ನೋಡೋಕೆ ಅಸಲಿ ಕಾರ್ಡಿನ ಥರವೇ ಇದೆ. ಅದು ವಿಮೆ ಅಲ್ಲ. ನಿಮ್ಮ ಎಕ್ಸ್‌ರೇ, ರಕ್ತಪರೀಕ್ಷೆಯ ದಾಖಲೆಗಳನ್ನು ಜೋಡಿಸಿಡುವ ನಂಬರ್ ಅಷ್ಟೇ. ಅದನ್ನು ತೋರಿಸಿದರೆ ಒಂದು ಮಾತ್ರೆಯೂ ಪುಕ್ಕಟೆ ಸಿಗಲ್ಲ.

ದೊಡ್ಡಮ್ಮ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದಳು. ಸೊಂಟದ ಚೀಲದಿಂದ ತಾನೇ ದುಡ್ಡು ತೆಗೆದು ಕೊಟ್ಟಳು. ಮನೆಗೆ ಬಂದು ಎಲ್ಲಮ್ಮನ ಪಟದ ಹಿಂದೆ ಸಿಕ್ಕಿಸಿದಳು. "ಇನ್ನೇನು ಚಿಂತಿಲ್ಲ ಬಿಡು" ಅಂದಳು.

ರೇಷನ್ ಕಾರ್ಡಿನ ಹೆಸರು ತಿದ್ದಿಸೋಕೆ ಸೋಮವಾರ ಮತ್ತೆ ಹೋಗಬೇಕು. ಅವಳಿಗೆ ಇನ್ನೂ ಹೇಳಿಲ್ಲ.