ಅಡ್ಡಗೋಡೆಯ ಮೇಲಿನ ದೀಪ

1961ರ ಜೂನ್‌ನಲ್ಲಿ ಕೆಲವು ದೇಶಗಳ ಪ್ರತಿನಿಧಿಗಳು ಕೈರೋದಲ್ಲಿ ಕೂತು ತಲೆ ಕೆಡಿಸಿಕೊಂಡಿದ್ದರು. ಅಲಿಪ್ತ ದೇಶ ಅಂದರೆ ಯಾವುದು? ಸೆಪ್ಟೆಂಬರ್‌ನಲ್ಲಿ ಯುಗೊಸ್ಲಾವಿಯಾದ ಬೆಲ್‌ಗ್ರೇಡ್‌ನಲ್ಲಿ ಅಂಥ ದೇಶಗಳ ಸಮ್ಮೇಳನ. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಅಂತ ತೀರ್ಮಾನ ಆಗಬೇಕಲ್ಲ.

ಇದರಲ್ಲೇನು ಕಷ್ಟ? ಅಮೆರಿಕದ ಕಡೆಗೂ ಇಲ್ಲ, ಸೋವಿಯತ್ ಕಡೆಗೂ ಇಲ್ಲ, ಮುಗೀತು ಅಲ್ವಾ? ಆದರೆ ಅಷ್ಟು ಕಟ್ಟುನಿಟ್ಟು ಮಾಡಿದರೆ ಸಭೆಯಲ್ಲಿ ದೇಶಗಳಿಗಿಂತ ಖಾಲಿ ಕುರ್ಚಿಗಳೇ ಜಾಸ್ತಿ ಆಗುತ್ತಿದ್ದವು. ಹಾಗಾಗಿ ನಿಯಮದಲ್ಲಿ ಒಂದು ಸಣ್ಣ ಬಾಗಿಲು ಇಟ್ಟರು. ದೊಡ್ಡ ದೇಶದ ಜೊತೆ ಮಿಲಿಟರಿ ಒಪ್ಪಂದ ಇರಬಹುದು, ನೆಲದಲ್ಲಿ ವಿದೇಶಿ ಸೇನಾ ನೆಲೆಯೂ ಇರಬಹುದು. ಅದನ್ನು ದೊಡ್ಡವರ ಜಗಳದ 'ಸಂದರ್ಭದಲ್ಲಿ' ಮಾಡಿಕೊಂಡಿರಬಾರದು, ಅಷ್ಟೇ.

'ಸಂದರ್ಭ'! ಎಂಥ ದೊಡ್ಡ ಮನಸ್ಸಿನ ಪದ ನೋಡಿ. ಬೆಲ್‌ಗ್ರೇಡ್‌ಗೆ ಬಂದ 25 ದೇಶಗಳಲ್ಲಿ ಇಥಿಯೋಪಿಯಾ ಇತ್ತು. ಆಗ ಅದರ ಕೈಯಲ್ಲಿದ್ದ ಅಸ್ಮಾರಾದಲ್ಲಿ ಅಮೆರಿಕದ ಕಾಗ್ನ್ಯೂ ಕೇಂದ್ರ ದೂರದ ರೇಡಿಯೋ ಸಂದೇಶಗಳಿಗೆ ಕಿವಿಗೊಟ್ಟು ಕೂತಿತ್ತು. ಮೊರಾಕೊ ಇತ್ತು. ಅಲ್ಲಿನ ಅಮೆರಿಕದ ವಿಮಾನ ನೆಲೆಗಳು ಖಾಲಿಯಾಗಿದ್ದು 1963ರಲ್ಲಿ. ಸೈಪ್ರಸ್ ಇತ್ತು, ಬ್ರಿಟನ್ನಿನ ನೆಲೆಗಳ ಸಮೇತ. ಕ್ಯೂಬಾದ್ದು ಪಾಪ ಬೇರೆ ಕತೆ. ಗ್ವಾಂಟನಾಮೊ ಬಿಟ್ಟು ಹೋಗಿ ಅಂದರೂ ಅಮೆರಿಕ ಹೋಗಲಿಲ್ಲ, ಇನ್ನೂ ಹೋಗಿಲ್ಲ.

ನಾವೇನು ಕಮ್ಮಿಯೇ? ಭಿಲಾಯಿಯ ಉಕ್ಕಿನ ಕಾರ್ಖಾನೆ ಸೋವಿಯತ್ ನೆರವಿನಿಂದ, ರೂರ್ಕೆಲಾದ್ದು ಪಶ್ಚಿಮ ಜರ್ಮನಿಯಿಂದ, ದುರ್ಗಾಪುರದ್ದು ಬ್ರಿಟನ್ನಿನಿಂದ. ಉಕ್ಕಿಗೆ ಸಿದ್ಧಾಂತ ಅಂಟುವುದಿಲ್ಲ, ಒಪ್ಪೋಣ. 1962ರ ನವೆಂಬರ್‌ನಲ್ಲಿ ಚೀನಾ ಮುನ್ನುಗ್ಗಿದಾಗ ನೆಹರು ಅವರು ಅಮೆರಿಕದ ಅಧ್ಯಕ್ಷ ಕೆನಡಿಗೆ ಪತ್ರ ಬರೆದು ಅಮೆರಿಕದ ಯುದ್ಧವಿಮಾನಗಳನ್ನೇ ಕಳಿಸಿ ಅಂದರು. ಜೀವಕ್ಕೆ ಬಂದಾಗ ಯಾರಾದರೂ ಕೇಳುತ್ತಾರೆ, ಅದನ್ನೂ ಒಪ್ಪೋಣ. ಆದರೆ ನನಗೆ ತುಂಬಾ ಇಷ್ಟವಾದದ್ದು 1971ರ ಆಗಸ್ಟ್ 9ರ ಒಪ್ಪಂದ. ಸೋವಿಯತ್ ಒಕ್ಕೂಟದ ಜೊತೆ 20 ವರ್ಷದ ಶಾಂತಿ, ಸ್ನೇಹ, ಸಹಕಾರ. ಯಾರಾದರೂ ಮೇಲೆ ಬಿದ್ದರೆ ಕೂಡಲೇ ಕೂತು ಮಾತಾಡೋಣ ಅನ್ನುವ ಭರವಸೆ. ಅದೇ ಕಾಗದದ ನಾಲ್ಕನೇ ಕಲಮಿನಲ್ಲಿ, ಭಾರತದ ಅಲಿಪ್ತ ನೀತಿಯನ್ನು ಸೋವಿಯತ್ ಒಕ್ಕೂಟ ಗೌರವಿಸುತ್ತದೆ ಎಂಬ ಸಾಲು! ಬ್ರಹ್ಮಚರ್ಯದ ಸರ್ಟಿಫಿಕೇಟನ್ನು ಮದುವೆ ಪತ್ರಿಕೆಯ ಹಿಂಬದಿಗೇ ಅಚ್ಚು ಹಾಕಿಸಿದ ಹಾಗೆ.

ಬೈದವರ ಮುಖ ಇನ್ನೂ ಚೆಂದ. 1956ರಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ ಜಾನ್ ಫಾಸ್ಟರ್ ಡಲ್ಲೆಸ್ ತಟಸ್ಥ ನೀತಿಯೇ ಅನೈತಿಕ ಅಂದರು. ಅವರದೇ ದೇಶ ಹೊಸದಾಗಿ ಸ್ವತಂತ್ರವಾಗಿದ್ದಾಗ ಏನು ಮಾಡಿತ್ತು? 1778ರಲ್ಲಿ ಫ್ರಾನ್ಸ್ ಜೊತೆ ಒಪ್ಪಂದ ಮಾಡಿಕೊಂಡು, ಅದರ ಸೈನ್ಯ, ಹಡಗು, ದುಡ್ಡು ಪಡೆದು ಬ್ರಿಟನ್ನನ್ನು ಓಡಿಸಿತು. 1793ರಲ್ಲಿ ಅದೇ ಫ್ರಾನ್ಸ್ ಯುದ್ಧಕ್ಕೆ ಇಳಿದಾಗ ಜಾರ್ಜ್ ವಾಷಿಂಗ್ಟನ್ 'ನಾವು ತಟಸ್ಥರು' ಎಂದು ಘೋಷಣೆ ಹೊರಡಿಸಿದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರೇ ನಮಗೆ ಹಿರಿಯರು. ಆಮೇಲೆ ಗೋಡೆ ಇಳಿದು ನೀತಿಪಾಠ ಶುರು ಮಾಡಿದರು, ಅಷ್ಟೇ ವ್ಯತ್ಯಾಸ.

ಅಲಿಪ್ತ ಕೂಟದ ಸದಸ್ಯರು ತಮ್ಮತಮ್ಮೊಳಗೂ ಸುಮ್ನೆ ಇರಲಿಲ್ಲ. 1982ರ ಶೃಂಗಸಭೆ ಬಾಗ್ದಾದಿನಲ್ಲಿ ನಡೆಯಬೇಕಿತ್ತು. ಆದರೆ ಅಲಿಪ್ತ ಇರಾಕ್ ಅಲಿಪ್ತ ಇರಾನಿನ ಮೇಲೆ ಯುದ್ಧಕ್ಕೆ ಹೋಗಿತ್ತು. ಸಭೆ 1983ಕ್ಕೆ ಮುಂದೆ ಹೋಗಿ ದೆಹಲಿಗೆ ಬಂತು.

ಮತ್ತೆ ಬೆಲ್‌ಗ್ರೇಡ್‌ಗೆ ಬರೋಣ. 1961ರ ಸೆಪ್ಟೆಂಬರ್ 1, ಸಮ್ಮೇಳನ ಶುರುವಾದ ದಿನವೇ ಸೋವಿಯತ್ ಒಕ್ಕೂಟ ಅಣ್ವಸ್ತ್ರ ಪರೀಕ್ಷೆಯನ್ನೂ ಮತ್ತೆ ಶುರು ಮಾಡಿತು. ನಾಯಕರು ಗಾಬರಿಯಾದರು. ಜಗಳ ಬಿಡಿ, ಕೂತು ಮಾತಾಡಿ ಎಂದು ಅಮೆರಿಕ, ಸೋವಿಯತ್ ಇಬ್ಬರಿಗೂ ಒಂದೇ ಒಕ್ಕಣೆಯ ಪತ್ರ ಬರೆದರು. ತಕ್ಕಡಿ ಒಂದಿಷ್ಟೂ ವಾಲಬಾರದು ನೋಡಿ. ನೆಹರು ಮತ್ತು ಘಾನಾದ ಎನ್‌ಕ್ರುಮಾ ಮಾಸ್ಕೋಗೆ ಹೋದರು, ಇಂಡೋನೇಷ್ಯಾದ ಸುಕಾರ್ನೊ ಮತ್ತು ಮಾಲಿಯ ಕೇಟಾ ವಾಷಿಂಗ್ಟನ್‌ಗೆ. ಆ ಕಡೆಗೆ ಇಬ್ಬರು, ಈ ಕಡೆಗೆ ಇಬ್ಬರು.

ಸೆಪ್ಟೆಂಬರ್ 15ಕ್ಕೆ ಅಮೆರಿಕವೂ ಪರೀಕ್ಷೆ ಶುರು ಮಾಡಿತು. ಅಕ್ಟೋಬರ್ 30ಕ್ಕೆ ಸೋವಿಯತ್ ಒಕ್ಕೂಟ ಸುಮಾರು 50 ಮೆಗಾಟನ್ ಬಾಂಬ್ ಸಿಡಿಸಿತು. ಆ ಪತ್ರದ ವಿಷಯದಲ್ಲಿ ಮಾತ್ರ ಎರಡೂ ಬಣಗಳು ಪೂರ್ತಿ ಅಲಿಪ್ತವಾಗಿದ್ದವು.